ಹಿಮದಡಿಯ ಕೆರೆ, ಬೀದಿ ಕೊನೆಯ ನಲ್ಲಿ

ಏಪ್ರಿಲ್ ೧೧

ಅಕ್ಕ,

ಇಲ್ಲಿ ತಲುಪಿ ಆರು ದಿನವಾಯಿತು. ಮೊದಲೇ ಬರೆಯಬೇಕೆಂದಿದ್ದೆ, ಬೆರಳುಗಳು ಪೆನ್ನು ಹಿಡಿಯುವ ಹದಕ್ಕೆ ಬಂದದ್ದು ಇವತ್ತೇ. ಫೋನೆಂದರೆ ವಾರಕ್ಕೆ ನಾಲ್ಕು ನಿಮಿಷ. ಅದನ್ನೂ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೆಮ್ಮುತ್ತಾ ಕೇಳಿಸಿಕೊಳ್ಳುತ್ತಾರೆ. ಸರಕಿನ ವಿಮಾನ ಎರಡು ಮೂರು ವಾರಕ್ಕೊಮ್ಮೆ ಬಂದುಹೋಗುತ್ತದೆ. ಹಾಗಾಗಿ ಈ ಸಲವೂ ಕಾಗದವೇ ಗತಿ. ನನ್ನ ಅಕ್ಷರ ಓದುವ ಶಿಕ್ಷೆ ನಿನಗೆ.

ನಾವು ಹನ್ನೊಂದು ಜನ. ಆರು ಡೇರೆ, ಒಂದು ಅಡುಗೆಮನೆ, ಎರಡು ಕಬ್ಬಿಣದ ಪೆಟ್ಟಿಗೆಯಂಥ ಪ್ರಯೋಗಾಲಯ. ಕಾಲಡಿಯಲ್ಲಿ ಆರುನೂರು ಮೀಟರ್ ದಪ್ಪದ ಹಿಮಗಡ್ಡೆ, ಅದರಡಿಯಲ್ಲಿ ಒಂದು ಕೆರೆ. ಬಿಸಿನೀರನ್ನು ರಭಸವಾಗಿ ಹೊಡೆದು, ಗಡ್ಡೆಯನ್ನು ಕರಗಿಸುತ್ತಾ ಇಳಿದು, ಆ ಕೆರೆಯ ನೀರನ್ನು ಒಂದಿಷ್ಟು ಮೇಲೆ ತರುವುದು ನಮ್ಮ ಕೆಲಸ. ಹಿಂದಿನ ಎರಡು ವರ್ಷವೂ ಅರ್ಧ ದಾರಿಯಲ್ಲಿ ಕೊಳವೆ ಹೆಪ್ಪುಗಟ್ಟಿ ಕೈ ಬೀಸಿಕೊಂಡು ಬಂದದ್ದು ನಿನಗೆ ಗೊತ್ತೇ ಇದೆ. ಈ ಸಲ ಮಂಡಿನೋವು ಬೇರೆ ಜೊತೆಗೆ ಬಂದಿದೆ.

ಹೊರಡುವ ದಿನ ಬಸ್ಸಿನ ಬಳಿ ನೀನು ಕೇಳಿದ್ದೆ: "ಎಲ್ಲಿಗೆ ಹೋದ್ರೂ ನೀರೇ ಯಾಕೋ ಹುಡುಕ್ತೀರಿ? ಯಾವ ಗ್ರಹದ ಸುದ್ದಿ ಬಂದ್ರೂ ನೀರಿದೆಯಂತೆ, ನೀರಿಲ್ಲವಂತೆ. ಬೇರೆ ಏನೂ ಕಾಣೋದೇ ಇಲ್ವಾ ನಿಮಗೆ?" ಬಸ್ಸು ಬಂದುಬಿಟ್ಟಿತು, ಉತ್ತರ ಕೊಡಲಾಗಲಿಲ್ಲ. ನಿನಗೆ ಉತ್ತರ ಗೊತ್ತಿದ್ದೂ ಕೇಳಿದೆ ಎಂಬ ಗುಮಾನಿ ನನ್ನದು. ಇರಲಿ, ನನ್ನ ಬಾಯಲ್ಲೇ ಕೇಳು.

ಜೀವ ಎಂದರೆ ಕೊನೆಗೂ ಕೆಲವು ವಸ್ತುಗಳು ಒಂದನ್ನೊಂದು ಸಂಧಿಸಿ, ಸೇರಿ, ಬಿಟ್ಟು, ಮತ್ತೆ ಸೇರುವ ವ್ಯವಹಾರ. ಒಣಗಿದ ಜಾಗದಲ್ಲಿ ಯಾವುದೂ ಯಾವುದನ್ನೂ ಸಂಧಿಸುವುದಿಲ್ಲ, ಇದ್ದಲ್ಲೇ ಬಿದ್ದಿರುತ್ತದೆ. ಗಾಳಿಯಲ್ಲಿ ಎಲ್ಲ ಚದುರಿಹೋಗುತ್ತದೆ. ನೀರಿನಲ್ಲಿ ಮಾತ್ರ ಕರಗುತ್ತದೆ, ಓಡಾಡುತ್ತದೆ, ಬೇಕಾದ್ದು ಒಳಗೆ ಬಂದು ಬೇಡವಾದ್ದು ಹೊರಗೆ ಹೋಗುತ್ತದೆ. ಅದೂ ಅಲ್ಲದೆ ಬೇರೆ ಬಹುತೇಕ ದ್ರವಗಳು ಹೆಪ್ಪುಗಟ್ಟಿದರೆ ತಳಕ್ಕೆ ಮುಳುಗುತ್ತವೆ. ನೀರಿನ ಗಡ್ಡೆ ತೇಲುತ್ತದೆ. ತೇಲಿ, ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ನಮ್ಮ ಈ ಕೆರೆ ನೀರಾಗಿಯೇ ಉಳಿದಿರುವುದು ಆ ಹೊದಿಕೆಯಿಂದ, ಮತ್ತೆ ನೆಲದೊಳಗಿನ ಕಾವಿನಿಂದ. ದೂರದ ದೊಡ್ಡ ಗ್ರಹಗಳ ಸುತ್ತ ಸುತ್ತುವ ಕೆಲವು ಚಂದ್ರಗಳಲ್ಲೂ ಹೀಗೇ, ಮೇಲೆ ಹಿಮ, ಕೆಳಗೆ ಸಮುದ್ರ. ಅಲ್ಲಿಗೆ ಯಂತ್ರ ಕಳಿಸುವ ಮೊದಲು ಇಲ್ಲಿ ಅಭ್ಯಾಸ. ಬೆಳಕನ್ನೇ ಕಾಣದ ಈ ನೀರಿನಲ್ಲಿ ಏನಾದರೂ ಬದುಕಿದ್ದರೆ, ಅಲ್ಲೂ ಇರಬಹುದು ಎಂದು ಹೇಳುವ ಧೈರ್ಯ ಬರುತ್ತದೆ.

ಊಟ ಸಪ್ಪೆ. ನಿದ್ದೆ ಕಮ್ಮಿ. ಸೂರ್ಯ ಸರಿಯಾಗಿ ಮುಳುಗುವುದನ್ನೇ ಬಿಡುತ್ತಿದ್ದಾನೆ. ನಿನ್ನ ಬೆನ್ನು ಹೇಗಿದೆ?

ತಮ್ಮ


ಮೇ ೨

ತಮ್ಮಾ,

ಕಾಗದ ಬಂತು. ನಿನ್ನ ಅಕ್ಷರಕ್ಕೆ ಹೆದರುವ ಕಾಲ ನನಗೆ ಎಂದೋ ಕಳೆಯಿತು.

ಉತ್ತರ ಗೊತ್ತಿದ್ದೇ ಕೇಳಿದ್ದು, ನಿಜ. ನಿನ್ನ ಬಾಯಲ್ಲಿ ಕೇಳೋಣ ಅನ್ನಿಸಿತ್ತು. ಚೆನ್ನಾಗಿ ಬರೆದಿದ್ದೀಯ. ಆದರೆ ಮೂವತ್ತೊಂದು ವರ್ಷ ನಗರಸಭೆಯ ನೀರು ಪರೀಕ್ಷಾಲಯದಲ್ಲಿ ಕೂತವಳಿಗೆ ಇದನ್ನು ಓದಿ ನಗು ಬರುತ್ತದೆ. ನೀನು ನೀರಿನಲ್ಲಿ ಜೀವ ಸಿಕ್ಕರೆ ಕುಣಿಯುತ್ತೀಯ. ನೀರು ಹಾಕಿ ಬೆಳೆಸಲು ಇಟ್ಟ ನನ್ನ ಗಾಜಿನ ತಟ್ಟೆಯಲ್ಲಿ ಕ್ರಿಮಿಯ ಒಂದು ಚುಕ್ಕೆ ಮೂಡಿದರೂ ನನ್ನ ತಲೆ ಮೇಲೆ ಆಕಾಶ ಬೀಳುತ್ತದೆ. ನನ್ನ ಇಡೀ ಉದ್ಯೋಗವೇ ಸೊನ್ನೆ ಎಂದು ಬರೆಯುವುದು.

ಇಲ್ಲಿ ಬಿಸಿಲು ಜೋರು. ತಟ್ಟೆಗಳನ್ನು ಬೆಚ್ಚಗಿಡುವ ಮೂರನೆಯ ಪೆಟ್ಟಿಗೆ ಮತ್ತೆ ಕೈಕೊಟ್ಟಿದೆ. ನಲವತ್ತನಾಲ್ಕು ಡಿಗ್ರಿಗೆ ಇಟ್ಟರೆ ಅದಕ್ಕೆ ಇಷ್ಟ ಬಂದಲ್ಲಿ ನಿಲ್ಲುತ್ತದೆ, ಹಾಗಾಗಿ ಎರಡು ಗಂಟೆಗೊಮ್ಮೆ ಹೋಗಿ ಮಗುವಿನ ಹಣೆ ಮುಟ್ಟಿದಂತೆ ನೋಡಿ ಬರುತ್ತೇನೆ. ಬೆನ್ನಿನ ಸುದ್ದಿ ಕೇಳಬೇಡ, ಅದು ನನಗಿಂತ ಮೊದಲು ನಿವೃತ್ತಿಯಾಗಿದೆ.

ಹೋದ ವಾರ ನೀರಿನ ವಿಭಾಗದ ಇಂಜಿನಿಯರು ಬಂದಿದ್ದರು. ರೈಲ್ವೆ ಗೇಟಿನ ಹಿಂದಿನ ಬಡಾವಣೆಯಲ್ಲಿ, ಬೀದಿ ಕೊನೆಯ ನಲ್ಲಿಯ ಮಾದರಿಯನ್ನು ಇನ್ನೊಂದು ಸಲ ಹಿಡಿಯಬೇಕಾಯಿತು. ಎರಡನೆಯ ಸಲ ಸರಿಬಂತು. ಇಂಥದ್ದೆಲ್ಲ ಇದ್ದದ್ದೇ. ಆ ನಲ್ಲಿಯ ಎದುರಿಗೇ ನಮ್ಮ ಕೀಲಿಯಜ್ಜನ ಅಂಗಡಿ, ನೆನಪಿದೆಯಾ? ನೀನು ಮನೆ ಕೀಲಿ ಕಳೆದಾಗಲೆಲ್ಲ ಹೊಸದು ಕಡಿದುಕೊಟ್ಟವರು. ಈಗಲೂ ಕಡಿಯುತ್ತಾರೆ, ಕಣ್ಣು ಮಾತ್ರ ಮಂಜು. ನಿನ್ನ ತಮ್ಮ ಎಲ್ಲಿ ಎಂದರು. ಹಿಮದ ಮೇಲೆ ಎಂದೆ. "ಅಲ್ಲಿ ಬೀಗ ಹಾಕೋ ಅವಶ್ಯಕತೆ ಇರಲ್ಲ ಬಿಡು" ಅಂದರು.

ಬೇರೆ ವಿಶೇಷವೇನೂ ಇಲ್ಲ. ಕಾಲುಚೀಲ ಎರಡೆರಡು ಹಾಕಿಕೋ.

ಅಕ್ಕ


ಮೇ ೩೦

ಅಕ್ಕ,

ಡೇರೆಯ ಬಾಗಿಲು ಕಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಹದಿನೇಳನೆಯ ತಾರೀಖು ಮಧ್ಯಾಹ್ನ ಕೊಳವೆ ಕೆರೆಗೆ ಇಳಿಯಿತು. ಹಗ್ಗದ ಎಳೆತ ಸಡಿಲವಾದದ್ದನ್ನು ಯಂತ್ರದ ಮುಳ್ಳು ತೋರಿಸಿತು, ಯಾರೂ ಕೂಗಲಿಲ್ಲ. ಮೂರು ವರ್ಷ ಕಾದು ಕಾದು ಕೂಗುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಅಡುಗೆಯವನು ಸ್ಟೌ ಆರಿಸಿ ಬಂದು ನಿಂತುಕೊಂಡ. ನೀರು ಮೇಲೆ ಬಂತು. ನೋಡಲು ನೀರೇ. ನಾನು ಇನ್ನೇನೋ ಕಾಣುತ್ತದೆ ಎಂದು ಕಾಯುತ್ತಿದ್ದೆ ಅನ್ನಿಸುತ್ತದೆ.

ತಟ್ಟೆಗಳ ಹೊಣೆ ಪೂರ್ತಿ ನನ್ನದು. ಒಂಬತ್ತು ದಿನ ಏನೂ ಇಲ್ಲ. ಹತ್ತನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆಯದೆ ಬೆಳಕಿಗೆ ಹಿಡಿದೆ. ಚುಕ್ಕೆ. ತಿಳಿಗುಲಾಬಿ ಬಣ್ಣದ, ಸಾಸಿವೆಗಿಂತ ಸಣ್ಣ, ಗುಂಡನೆಯ, ಒಣಗಿದಂತೆ ಕಾಣುವ ಚುಕ್ಕೆಗಳು. ಒಂದು ತಟ್ಟೆಯಲ್ಲಿ ಏಳು, ಇನ್ನೊಂದರಲ್ಲಿ ಹನ್ನೊಂದು. ಅಕ್ಕ, ನಾನು ಮತ್ತೆ ಮತ್ತೆ ಎಣಿಸಿದೆ. ಹಿಮದಡಿಯಲ್ಲಿ ಲೋಕಕ್ಕೇ ಮರೆತುಹೋದ ನೀರಿನಲ್ಲಿ ಇದು ಇದ್ದುಕೊಂಡೇ ಇತ್ತು.

ನಮ್ಮ ಮುಖ್ಯಸ್ಥೆ ಮಾತು ಕಮ್ಮಿಯ ಹೆಂಗಸು. ತಟ್ಟೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ. ಜುಲೈ ಕೊನೆಗೆ ಪತ್ರಕರ್ತರನ್ನು ಕರೆದು ಪ್ರಕಟಿಸುವುದು ಎಂದಾಗಿದೆ. ಅಲ್ಲಿಯವರೆಗೆ ಹೊರಗೆ ಬಾಯಿಬಿಡುವ ಹಾಗಿಲ್ಲ. ನಿನಗೆ ಹೇಳದಿದ್ದರೆ ಮಾತ್ರ ನನಗೆ ಅನ್ನ ಸೇರುವುದಿಲ್ಲ. ಮೊದಲೇ ಹೇಳಬೇಕಿತ್ತು, ಇದು ನನ್ನ ಕೊನೆಯ ಅವಕಾಶವಾಗಿತ್ತು. ಈ ಸಲವೂ ಬರಿಗೈಯಾದರೆ ಹಿಮದ ಕೆಲಸ ಬಿಟ್ಟು ಕಚೇರಿಗೆ ಬನ್ನಿ ಎಂದು ಹೇಳಿ ಕಳಿಸಿದ್ದರು.

ಇವತ್ತು ನೀನು ಬಹಳ ನೆನಪಾದೆ. ಏಳನೆಯ ತರಗತಿಯಲ್ಲಿ ನಾನು ಮಳೆಯ ಅಳತೆಯನ್ನು ಪಕ್ಕದ ಹುಡುಗನ ಪುಸ್ತಕದಿಂದ ನಕಲು ಮಾಡಿದ್ದೆ. ನೀನು ಎಲ್ಲ ಹರಿದು ಹಾಕಿ, ಹದಿನೈದು ದಿನ ಅಂಗಳದಲ್ಲಿ ಬಾಟಲಿ ಇಟ್ಟು ನನ್ನಿಂದಲೇ ಅಳೆಸಿದ್ದೆ. ಹದಿಮೂರು ದಿನ ಮಳೆಯೇ ಬರಲಿಲ್ಲ. "ಬಂದಿಲ್ಲ ಅಂದ್ರೆ ಬಂದಿಲ್ಲ ಅಂತ ಬರಿ" ಅಂದಿದ್ದೆ. ನಿನ್ನಷ್ಟು ನೇರ ಮನುಷ್ಯರನ್ನು ನಾನು ಇನ್ನೂ ಕಂಡಿಲ್ಲ. ಇವತ್ತಿನ ಈ ಗುಲಾಬಿ ಚುಕ್ಕೆಗಳಲ್ಲಿ ನಿನ್ನದೂ ಪಾಲಿದೆ.

ತಮ್ಮ


ಜೂನ್ ೧೪

ತಮ್ಮಾ,

ಸಂತೋಷ. ಬಹಳ ದುಡಿದಿದ್ದೀಯ.

ಮೂರು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಚುಕ್ಕೆ ಮೂಡಿದ ತಟ್ಟೆಗಳನ್ನು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೆ? ಕೆರೆಯಷ್ಟೇ ತಣ್ಣಗಿಟ್ಟ ತಟ್ಟೆಗಳಲ್ಲಿ ಏನು ಬಂತು? ಕೊರೆಯಲು ಬಳಸಿದ ಬಿಸಿನೀರನ್ನೂ ಹೋಲಿಕೆಗೆಂದು ಒಂದು ತಟ್ಟೆಗೆ ಹಾಕಿದ್ದೀರಲ್ಲ, ಅದು ಹೇಗಿದೆ?

ಇಲ್ಲಿ ಕೆಲಸ ಜಾಸ್ತಿ. ಗೇಟಿನ ಹಿಂದಿನ ಬಡಾವಣೆಯಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟಿದೆಯಂತೆ. ಬಿಸಿಲಿಗೆ ಎನ್ನುತ್ತಾರೆ. ನನಗೂ ಅಷ್ಟು ಸರಿಯಿಲ್ಲ, ಊಟ ಸೇರುತ್ತಿಲ್ಲ. ಹೆಚ್ಚು ಬರೆಯಲಾರೆ.

ನೇರ ಮನುಷ್ಯಳು ಎಂದೆಲ್ಲ ಬರೆಯಬೇಡ.

ಅಕ್ಕ


ಜುಲೈ ೧

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಹನ್ನೆರಡೇ ಸಾಲು. ಅದರಲ್ಲಿ ಸಂತೋಷಕ್ಕೆ ಒಂದು ಪದ, ಅನುಮಾನಕ್ಕೆ ಮೂರು ಪ್ರಶ್ನೆ. ಪರೀಕ್ಷೆಗೆ ಕೂರಿಸಿದ ಹಾಗಿದೆ.

ಇಷ್ಟು ವರ್ಷ ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತೊಂದಿದೆ, ಇವತ್ತು ಆಡಿಬಿಡುತ್ತೇನೆ. ಅಮ್ಮ ಹೋದ ಮೇಲೆ ನಿನಗೆ ಸಂಶೋಧನೆಗೆ ಸೀಟು ಸಿಕ್ಕಿತ್ತು. ನನ್ನ ಓದಿಗಾಗಿ ಅದನ್ನು ಬಿಟ್ಟು ಆ ನಗರಸಭೆಯ ಕೋಣೆಗೆ ಸೇರಿಕೊಂಡೆ. ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಅದಕ್ಕಾಗಿ ನನ್ನ ಪ್ರತಿ ಗೆಲುವಿಗೂ ನೀನು ಹುಳುಕು ಹುಡುಕಬೇಕೇ? ನಿನಗೆ ಸಿಗದ್ದು ನನಗೆ ಸಿಕ್ಕಿತು ಎಂಬ ಸಂಕಟ ನಿನಗಿದ್ದರೆ ನನಗೆ ಅರ್ಥವಾಗುತ್ತದೆ. ಹಾಗೆಂದು ನೇರವಾಗಿ ಬರೆ.

ಇಲ್ಲಿರುವವರು ನಿನ್ನೆ ಮೊನ್ನೆ ತಟ್ಟೆ ಹಿಡಿಯಲು ಕಲಿತವರಲ್ಲ. ಕೊರೆಯುವ ನೀರು ಸೋಸುವ ನಾಲ್ಕು ಜರಡಿ ದಾಟಿ, ಕುದಿಯುವಷ್ಟು ಕಾದು ಹೋಗುತ್ತದೆ. ಹೋಲಿಕೆಯ ತಟ್ಟೆ ಖಾಲಿಯಿತ್ತು.

ಸುದ್ದಿಗೋಷ್ಠಿ ಈ ತಿಂಗಳ ಇಪ್ಪತ್ತೊಂಬತ್ತಕ್ಕೆ. ನಿನಗೆ ಪುರುಸೊತ್ತಿದ್ದರೆ ರೇಡಿಯೋ ಕೇಳು.

ನಿನ್ನ ತಮ್ಮ


ಜುಲೈ ೧೨

ತಮ್ಮಾ,

ಬೈದದ್ದಕ್ಕೆ ಬೇಸರವಿಲ್ಲ. ಸಂಶೋಧನೆಯ ಸೀಟಿನ ಸಂಕಟ ನನಗೆ ಇತ್ತು. ಮೊದಲ ಹತ್ತು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಎಲ್ಲಿಗೆ ಹೋಯಿತೋ ಕಾಣೆ, ದಿನಕ್ಕೆ ನಲವತ್ತು ಬಾಟಲಿ ಪರೀಕ್ಷೆ ಮಾಡುವವರಿಗೆ ಹೊಟ್ಟೆಕಿಚ್ಚು ಕಾಪಾಡಿಕೊಳ್ಳುವಷ್ಟು ಬಿಡುವಿರುವುದಿಲ್ಲ. ಜೂನ್‌ನಲ್ಲಿ ನಾನು ಹನ್ನೆರಡೇ ಸಾಲು ಬರೆದದ್ದಕ್ಕೆ ಕಾರಣ ಬೇರೆ. ಇವತ್ತು ಹೇಳುತ್ತೇನೆ, ಕೊನೆಯವರೆಗೂ ಓದು.

ಏಪ್ರಿಲ್ ಇಪ್ಪತ್ತಮೂರರಂದು ಬೀದಿ ಕೊನೆಯ ನಲ್ಲಿಯ ತಟ್ಟೆಯಲ್ಲಿ ಹದಿನಾಲ್ಕು ಚುಕ್ಕೆ ಬಂದಿತ್ತು. ಬಚ್ಚಲಲ್ಲಿ ಕಾಣುವ ನಿರುಪದ್ರವಿ ಜಾತಿಯದಲ್ಲ, ಪಾಯಿಖಾನೆಯ ಮಲದಿಂದ ಬರುವ ಜಾತಿಯದು. ಇರಬೇಕಾದದ್ದು ಸೊನ್ನೆ. ಎಲ್ಲೋ ಚರಂಡಿ ನೀರು ಕೊಳವೆಗೆ ಸೇರುತ್ತಿದೆ ಎಂದರ್ಥ. ಇಂಜಿನಿಯರು ಬಂದು ಕುರ್ಚಿ ಎಳೆದುಕೊಂಡು ಕೂತರು. ಹೊಸ ಕೊಳವೆ ಹಾಕಿ ಆರು ತಿಂಗಳೂ ಆಗಿಲ್ಲ, ಈಗ ಅಗೆದರೆ ಮೇಲಿನವರು ನನ್ನನ್ನು ಉಳಿಸುವುದಿಲ್ಲ ಎಂದರು. ಮಾದರಿ ಹಿಡಿಯುವಾಗಲೇ ಏನೋ ಎಡವಟ್ಟಾಗಿರಬೇಕು ಎಂದರು. ಕೊನೆಗೆ ಮೆತ್ತಗೆ, "ನಲ್ಲಿನ ಅರ್ಧ ಗಂಟೆ ಬಿಟ್ಟು ಆಮೇಲೆ ಹಿಡೀರಿ ಮೇಡಂ. ಸರಿಹೋಗುತ್ತೆ" ಅಂದರು. ಅಷ್ಟು ಹೊತ್ತು ಬಿಟ್ಟರೆ ದೊಡ್ಡ ಕೊಳವೆಯ ಕ್ಲೋರಿನ್ ನೀರು ಬಂದು ಎಲ್ಲ ತೊಳೆದುಹೋಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮನೆಯ ಜನ ಅರ್ಧ ಗಂಟೆ ನೀರು ಬಿಟ್ಟು ಲೋಟ ಹಿಡಿಯುವುದಿಲ್ಲ.

ಅವತ್ತು ನನಗೆ ಬೆನ್ನು ನೋಯುತ್ತಿತ್ತು. ಇನ್ನೆರಡು ವರ್ಷ ಕಳೆದರೆ ಸಾಕು ಅನ್ನಿಸುತ್ತಿತ್ತು. ಅವರ ಜೊತೆ ಜಗಳವಾಡುವುದು, ಮೇಲಕ್ಕೆ ಬರೆಯುವುದು, ಅವರು ಉತ್ತರ ಬರೆಯುವುದು, ಇದೆಲ್ಲ ಈ ಹಿಂದೆ ಎಷ್ಟು ಸಲ ಮಾಡಿಲ್ಲ ನಾನು! ಹೆದರಿದೆ ಎಂದರೆ ಸುಳ್ಳಾಗುತ್ತದೆ. ದಣಿದಿದ್ದೆ. ಅರ್ಧ ಗಂಟೆ ಬಿಡಿಸಿ ಹಿಡಿಸಿದೆ. ಸೊನ್ನೆ ಬಂತು. ಮೊದಲನೆಯದರ ಮುಂದೆ 'ಮಾದರಿ ದೋಷ' ಎಂದು ಬರೆದು, ಕುಡಿಯಲು ಯೋಗ್ಯ ಎಂದು ಸಹಿ ಮಾಡಿದೆ. ನೀರು ಕುಡಿದಷ್ಟೇ ಸುಲಭವಾಗಿತ್ತು. ಮುಂದಿನ ತಿಂಗಳಿಂದ ಆ ಬೀದಿಯ ಮಾದರಿಯನ್ನು ಬೇರೆ ನಲ್ಲಿಯಿಂದ ಹಿಡಿಯಲು ಆದೇಶ ಬಂತು.

ಜೂನ್ ಎಂಟರಂದು ಕೀಲಿಯಜ್ಜ ತೀರಿಕೊಂಡರು. ಮೂರು ದಿನ ವಾಂತಿ ಭೇದಿ. ನಿನಗೆ ಹದಿನಾಲ್ಕನೆಯ ತಾರೀಖು ಬರೆದಾಗ ನಾನು ಅವರ ಮನೆ ಮುಂದೆ ನಿಂತು ವಾಪಸು ಬಂದಿದ್ದೆ. ಕಾಗದದಲ್ಲಿ 'ಕೆಲವರಿಗೆ ಹೊಟ್ಟೆ ಕೆಟ್ಟಿದೆ' ಎಂದು ಬರೆದೆ. ಹತ್ತೊಂಬತ್ತು ಜನಕ್ಕೆ ಕೆಟ್ಟಿತ್ತು. ಅದಾದ ಮೇಲೂ ಒಂದು ತಿಂಗಳು ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಈಗ ನಿನ್ನ ಚುಕ್ಕೆಯ ವಿಷಯ. ತಿಳಿಗುಲಾಬಿ, ಒಣಗಿದಂತೆ ಕಾಣುವುದು, ಹತ್ತು ದಿನ ಕಾಯಿಸಿ ಮೂಡುವುದು. ನನಗೆ ಅದರ ಪರಿಚಯ ಮೂವತ್ತು ವರ್ಷದ್ದು. ಬಚ್ಚಲ ಮೂಲೆಯಲ್ಲಿ, ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಗುಲಾಬಿ ಪಾಚಿಯಂತೆ ಕಟ್ಟುತ್ತದಲ್ಲ, ಅದರಲ್ಲಿ ಇವೂ ಇರುತ್ತವೆ. ಯಾರಿಗೂ ಕಾಯಿಲೆ ತರುವುದಿಲ್ಲ, ಪಾಪದ ಪ್ರಾಣಿ. ಕ್ಲೋರಿನ್ನಿಗೆ ಬಗ್ಗುವುದಿಲ್ಲ, ಖಾಲಿ ತೊಟ್ಟಿಯ ಗೋಡೆಗೆ, ರಬ್ಬರ್ ಕೊಳವೆಯ ಒಳಮೈಗೆ ಅಂಟಿಕೊಂಡು ಏನೂ ತಿನ್ನದೆ ತಿಂಗಳುಗಟ್ಟಲೆ ಇರುತ್ತದೆ. ಇನ್ನೊಂದು ಮಾತು. ಆ ಬಣ್ಣ ಬಹುಮಟ್ಟಿಗೆ ಬಿಸಿಲಿನ ಪೆಟ್ಟು ತಡೆಯಲು ಇರುವಂಥದ್ದು. ಹಿಮದಡಿಯಲ್ಲಿ ಎಂದೂ ಬೆಳಕು ಕಾಣದ ಪ್ರಾಣಿಗೆ ಅದರ ಅಗತ್ಯವೇನು? ಇದು ಸಾಕ್ಷಿಯಲ್ಲ, ನನ್ನ ಅನುಮಾನ ಅಷ್ಟೇ. ಸಾಕ್ಷಿ ನಿನ್ನ ಹೋಲಿಕೆಯ ತಟ್ಟೆಯಲ್ಲಿರುತ್ತದೆ.

ಅದು ಖಾಲಿಯಿತ್ತು ಎಂದು ಬರೆದಿದ್ದೀಯ. ಆ ಸಾಲಿನ ಕೊನೆಯ ಚುಕ್ಕಿಯನ್ನು ಎಷ್ಟು ಒತ್ತಿ ಹಾಕಿದ್ದೀಯೆಂದರೆ ಕಾಗದದ ಹಿಂದೆ ಬೆರಳಿಗೆ ಸಿಗುತ್ತದೆ. ಏಪ್ರಿಲ್‌ನಲ್ಲಿ ನನ್ನ ಸಹಿಯೂ ಹಾಗೇ ಬಿದ್ದಿತ್ತು. ಬುಧವಾರ ನಿನ್ನ ಕಾಗದ ಓದಿದ ಮೇಲೆ ಪರೀಕ್ಷಾಲಯಕ್ಕೆ ಹೋಗಿ ಆ ಪುಟ ತೆಗೆದು ಹಿಂದಿನಿಂದ ತಡವಿ ನೋಡಿದೆ.

ಗುರುವಾರ ಆ ಪುಸ್ತಕ ತೆಗೆದುಕೊಂಡು ಆರೋಗ್ಯಾಧಿಕಾರಿಯ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಶುಕ್ರವಾರ ನೀರು ಕಾಯಿಸಿ ಕುಡಿಯಿರಿ ಎಂದು ಬೀದಿಯಲ್ಲಿ ಕೂಗಿಸಿದರು. ನಿನ್ನೆ ಅಗೆದರು. ಕೀಲಿ ಅಂಗಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಚರಂಡಿ ಕೊಳವೆ ಒಡೆದು ಕುಡಿಯುವ ನೀರಿನ ಜೋಡಣೆಯ ಮೇಲೇ ಸುರಿಯುತ್ತಿತ್ತು. ವಿಚಾರಣೆ ಮುಗಿಯುವವರೆಗೆ ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ. ಇಂಜಿನಿಯರು "ಸಹಿ ಮೇಡಂದೇ" ಎಂದರಂತೆ. ಹೌದು, ನನ್ನದೇ.

ಸತ್ಯ ಹೇಳು ಎಂದು ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನ್ನಲ್ಲಿ ಉಳಿದಿಲ್ಲ. ನನ್ನ ಕಥೆ ಹೇಳಿದ್ದೇನೆ, ಅಷ್ಟೇ.

ಅಕ್ಕ


ಆಗಸ್ಟ್ ೩

ಅಕ್ಕ,

ನಿನ್ನ ಕಾಗದ ಇಪ್ಪತ್ತಾರಕ್ಕೆ ಬಂತು. ಓದಿ, ಮಡಚಿ, ಕೈಗವಸು ತೊಟ್ಟು, ಸುಮ್ಮನೆ ಹಿಮದ ಮೇಲೆ ಬಹಳ ಹೊತ್ತು ನಡೆದೆ. ಕೀಲಿಯಜ್ಜ ನನ್ನನ್ನು ಒಮ್ಮೆಯೂ ಬೈದಿರಲಿಲ್ಲ.

ಹೋಲಿಕೆಯ ತಟ್ಟೆಯಲ್ಲಿ ಮೂರು ಚುಕ್ಕೆ ಇದ್ದವು. ಅದೇ ಗುಲಾಬಿ. ಉಳಿದವನ್ನು ನೋಡಿದ ದಿನವೇ ಅದನ್ನೂ ನೋಡಿದ್ದೆ. ನಿನಗೆ ಸಂಭ್ರಮದ ಕಾಗದ ಬರೆಯುವಾಗ ಆ ತಟ್ಟೆ ನನ್ನ ಪೆಟ್ಟಿಗೆಯಲ್ಲಿ ಕಾಲುಚೀಲದೊಳಗಿತ್ತು. ತಣ್ಣಗಿಟ್ಟ ತಟ್ಟೆಗಳಲ್ಲಿ ಏನೂ ಬಂದಿರಲಿಲ್ಲ, ಬೆಚ್ಚಗಿಟ್ಟವುಗಳಲ್ಲಿ ಮಾತ್ರ ಬಂದಿತ್ತು. ನಿನ್ನ ಮೂರು ಪ್ರಶ್ನೆ ಮೂರೂ ಸರಿಯಾದ ಜಾಗಕ್ಕೇ ಬಿದ್ದಿದ್ದವು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಮೂರು ಚುಕ್ಕೆ ತಾನೇ, ನನ್ನ ಕೈಯಿಂದಲೇ ಬಿದ್ದಿರಬೇಕು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಬಿಸಾಡಲೂ ಇಲ್ಲ. ಯಾಕೆಂದು ಗೊತ್ತಿಲ್ಲ.

ಇಪ್ಪತ್ತೇಳರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮುಖ್ಯಸ್ಥೆಯ ಎದುರು ಕೂತು ಹೇಳಿದೆ. ಹತ್ತೂ ಜನ ಅಲ್ಲೇ ಇದ್ದರು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಚೈತನ್ಯ ನನ್ನಲ್ಲಿರಲಿಲ್ಲ.

"ಎಷ್ಟು ದಿನದಿಂದ ಗೊತ್ತು?" ಎಂದರು.

"ಎರಡು ತಿಂಗಳು."

ಕಪ್ಪಿನಲ್ಲಿದ್ದದ್ದನ್ನು ಪೂರ್ತಿ ಕುಡಿದು, ತಟ್ಟೆ ತರಲು ಹೇಳಿದರು. ಬೆಳಕಿಗೆ ಹಿಡಿದು ನೋಡಿದರು. ಇದನ್ನು ಗುರುತು ಹಿಡಿದವರು ಯಾರು ಎಂದು ಕೇಳಿದರು. ನನ್ನಕ್ಕ, ನಲ್ಲಿ ನೀರು ಪರೀಕ್ಷೆ ಮಾಡುತ್ತಾಳೆ ಎಂದೆ. ಅವರು ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ, "ಇಷ್ಟು ಜನ ಇದ್ದೀವಿ. ನಮ್ಮಲ್ಲಿ ಒಬ್ಬರಿಗೂ ನಲ್ಲಿ ನೀರು ಗೊತ್ತಿಲ್ಲ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ಡೇರೆಯಲ್ಲಿ ಕೂರುವುದು ಸ್ವಲ್ಪ ಸುಲಭವಾಗುತ್ತಿತ್ತು. ಸುದ್ದಿಗೋಷ್ಠಿ ರದ್ದಾಯಿತು.

ಕೊರೆಯುವ ನೀರಿನ ತೊಟ್ಟಿಗಳನ್ನು ಇಲ್ಲಿಗೆ ತರುವ ಮೊದಲು ಬಂದರಿನಲ್ಲಿ ತೊಳೆದದ್ದು ನಲ್ಲಿ ನೀರಿನಲ್ಲೇ. ಕೊಳವೆಯ ಒಳಮೈಯನ್ನು ಬಿಚ್ಚಿ ಉಜ್ಜಿದೆವು. ಬಟ್ಟೆಗೆ ಗುಲಾಬಿ ಹತ್ತಿತು. ಜರಡಿಗಳೆಲ್ಲ ಆ ಕೊಳವೆಗಿಂತ ಮೊದಲೇ ಇದ್ದವು, ನೀರು ಅದರೊಳಗೆ ಹೋಗುತ್ತಿದ್ದದ್ದು ಸೋಸಿದ ಮೇಲೆ. ಕುದಿ ನೀರು ಕೊಲ್ಲುತ್ತದೆ ಎಂದು ನಂಬಿದ್ದೆವು, ಆದರೆ ಪಂಪು ನಿಲ್ಲಿಸಿದಾಗ ಕೊಳವೆ ತಣ್ಣಗಾಗಿ ವಾರಗಟ್ಟಲೆ ಹಾಗೇ ಬಿದ್ದಿರುತ್ತಿತ್ತು.

ಅಕ್ಕ, ನನ್ನ ಹೆಸರು ಕೆಟ್ಟದ್ದಕ್ಕಿಂತ ಬೇರೊಂದು ನನ್ನನ್ನು ಕೊರೆಯುತ್ತಿದೆ. ಆ ಕೆರೆಗೆ ಯಾರ ಸ್ಪರ್ಶವೂ ಇರಲಿಲ್ಲ. ಅಲ್ಲಿ ಯಾರಿದ್ದಾರೆಂದು ಕೇಳಲು ಹೋದ ನಾವು ನಮ್ಮ ಬಚ್ಚಲ ಜೀವವನ್ನು ಇಳಿಸಿ ಬಂದಿರಬಹುದು. ಏಪ್ರಿಲ್‌ನಲ್ಲಿ ನಿನಗೆ ನೀರಿನ ಗುಣಗಾನ ಮಾಡಿದ್ದೆ. ಎಲ್ಲವನ್ನೂ ಕರಗಿಸಿಕೊಳ್ಳುತ್ತದೆ, ಎಲ್ಲವನ್ನೂ ಒಯ್ಯುತ್ತದೆ ಎಂದಿದ್ದೆ. ನಮ್ಮನ್ನೂ ಒಯ್ಯುತ್ತದೆ ಎಂಬುದು ಹೊಳೆದಿರಲಿಲ್ಲ. ಆ ದೂರದ ಚಂದ್ರಗಳಿಗೆ ಯಂತ್ರ ಕಳಿಸುವವರಿಗೆ ನಾನು ಹೇಳಬಹುದಾದದ್ದು ಇದೊಂದೇ. ಅಲ್ಲಿ ನೀರಿದೆ ಎಂದರೆ ಹುಡುಕಲು ಜಾಗವಿದೆ ಎಂದಷ್ಟೇ, ಜೀವವಿದೆ ಎಂದಲ್ಲ. ಸಿಕ್ಕರೆ, ಅದು ನಾವೇ ತಂದದ್ದಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ವರದಿಯಲ್ಲಿ ನಾವು ಬರೆದದ್ದು: ಕೆರೆಯಿದೆ. ನೀರಿದೆ. ಅದರಲ್ಲಿ ಜೀವವಿದೆಯೇ ಇಲ್ಲವೇ ಗೊತ್ತಿಲ್ಲ. ಕಾರಣ, ಕೊರೆಯುವ ನೀರು ಶುದ್ಧವಾಗಿರಲಿಲ್ಲ. ಕೆಳಗೆ ನನ್ನ ಸಹಿಯೂ ಇದೆ.

ಮುಂದಿನ ವಿಮಾನದಲ್ಲಿ ನನ್ನನ್ನು ಕಳಿಸುತ್ತಿದ್ದಾರೆ. ಆಮೇಲೆ ಕಚೇರಿಯೋ ಮನೆಯೋ ತಿಳಿಯದು. ಜುಲೈನಲ್ಲಿ ಬರೆದದ್ದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಬಂದ ಮೇಲೆ ಎರಡು ದಿನ ನಿನ್ನ ಮನೆಯಲ್ಲಿ ಮಲಗಲೇ? ಮಾತಾಡದಿದ್ದರೂ ಪರವಾಗಿಲ್ಲ.

ತಮ್ಮ


ಆಗಸ್ಟ್ ೧೯

ತಮ್ಮಾ,

ಈ ಕಾಗದ ನಿನ್ನ ವಿಮಾನ ಬಂದು ಸೇರುವ ಬಂದರಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ಇಳಿದ ಕೂಡಲೇ ಸಿಗಲಿ. ಎರಡು ದಿನ ಯಾಕೆ, ಎಷ್ಟು ದಿನ ಬೇಕಾದರೂ ಮಲಗು. ಮಂಚದ ಮೇಲಿನ ಪುಸ್ತಕಗಳನ್ನು ಎತ್ತಿಟ್ಟಿದ್ದೇನೆ.

ವಿಚಾರಣೆ ಮುಗಿದಿಲ್ಲ. ಮುಗಿದರೆ ಏನಾಗುತ್ತದೆಂದು ಸುಮಾರು ಗೊತ್ತಿದೆ. ಅದಲ್ಲ ನಿನಗೆ ಬರೆಯಬೇಕಾದದ್ದು.

ನಿನ್ನೆ ಕೀಲಿಯಜ್ಜನ ಮನೆಗೆ ಹೋದೆ. ಅಂಗಡಿಯ ಹಿಂದಿನ ಒಂದೇ ಕೋಣೆ. ಅವರ ಹೆಂಡತಿ ನೆಲದ ಮೇಲೆ ಕೂತು, ಯಾರೂ ಬಂದು ಒಯ್ಯದೆ ಉಳಿದ ಕೀಲಿಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ನನ್ನನ್ನು ನೋಡಿ ಕೂರಲು ಮಣೆ ತಳ್ಳಿದರು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತು. ನೀರು ಕೆಟ್ಟಿದೆ ಎಂದು ಏಪ್ರಿಲ್‌ನಲ್ಲೇ ನನಗೆ ಗೊತ್ತಿತ್ತು, ಚೆನ್ನಾಗಿದೆ ಎಂದು ಬರೆದೆ, ಅಜ್ಜ ಹೋದದ್ದು ಆ ನೀರಿನಿಂದ ಎಂದೆ.

ಅವರು ಕೀಲಿ ಪೋಣಿಸುವುದನ್ನು ನಿಲ್ಲಿಸಿದರು. ಕೂಗಾಡುತ್ತಾರೆ ಎಂದು ಕಾದೆ.

"ಹಾಗಾದ್ರೆ ನನ್ನ ಊಟದಿಂದ ಅಲ್ವಾ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅಜ್ಜ ಕಾಯಿಲೆ ಬೀಳುವ ಹಿಂದಿನ ದಿನ ಇವರಿಗೇ ಮೈಯಲ್ಲಿ ಹುಷಾರಿರಲಿಲ್ಲವಂತೆ. ಹೊಸದಾಗಿ ಅಡುಗೆ ಮಾಡದೆ, ಮಿಕ್ಕಿದ್ದನ್ನೇ ಬಿಸಿ ಮಾಡಿ ಅಜ್ಜನಿಗೆ ಬಡಿಸಿದ್ದರಂತೆ. ನೀನೇ ಹಳಸಿದ್ದನ್ನು ತಿನ್ನಿಸಿ ಅಪ್ಪನನ್ನು ಕೊಂದೆ ಎಂದು ಮಗ ಅಂದ. ಅಂದವನು ಹತ್ತು ವಾರದಿಂದ ಮನೆಗೆ ಕಾಲಿಟ್ಟಿಲ್ಲ. ಅವರೂ ಅದನ್ನೇ ನಂಬಿಕೊಂಡು ಕೂತಿದ್ದರು. ನೀರು ಕಾಯಿಸಿ ಎಂದು ಬೀದಿಯಲ್ಲಿ ಕೂಗಿದ್ದು ಕೇಳಿಸಿತ್ತಂತೆ. ಅದು ಮುಂದಕ್ಕೆ, ನಮ್ಮವರ ವಿಷಯ ಬೇರೆ ಎಂದುಕೊಂಡರಂತೆ.

"ಅಲ್ಲ. ಊಟದಿಂದ ಅಲ್ಲ. ನೀರಿನಿಂದ" ಎಂದೆ.

"ಬರ್ಕೊಡ್ತೀರಾ? ಮಗನಿಗೆ ತೋರಿಸ್ಬೇಕು."

ಅಂಗಡಿಯ ಹಳೆಯ ಚೀಟಿಯೊಂದನ್ನು ಹುಡುಕಿ ಕೊಟ್ಟರು. ಮಣೆಯ ಮೇಲೆ ಕೂತು ಬರೆದೆ. ಯಾವ ತಾರೀಖಿನ ನೀರು, ಎಷ್ಟು ಚುಕ್ಕೆ, ಯಾರು ಮುಚ್ಚಿಟ್ಟರು, ಅಜ್ಜ ಹೇಗೆ ಹೋದರು, ಅವರ ಹೆಂಡತಿಯ ಅಡುಗೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ ಎಂದು. ಸಹಿ ಹಾಕಿದೆ. ಅವರಿಗೆ ಓದಲು ಬರುವುದಿಲ್ಲ. ಓದಿ ಹೇಳಿ ಎಂದರು. ಓದಿದೆ. ಇನ್ನೊಂದು ಸಲ ಎಂದರು. ಓದಿದೆ. ಕಡೆಯ ಸಾಲನ್ನು ಮೂರನೆಯ ಸಲ ಓದಿಸಿಕೊಂಡರು. ಚೀಟಿಯನ್ನು ಮಡಚಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ನಾನು ಎದ್ದೆ. ಬಾಗಿಲವರೆಗೆ ಬಂದರು, ಕಣ್ಣಲ್ಲಿ ನೀರಿರಲಿಲ್ಲ, ಬಹಳ ಸುಸ್ತಾದವರ ಹಾಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನಿಮ್ಮನ್ನ ಬೈಬೇಕು ನಾನು. ಇವತ್ತು ನನ್ನ ಕೈಲಾಗಲ್ಲ. ನಾಳೆ ಬನ್ನಿ" ಎಂದರು.

ಈಗ ಅಲ್ಲಿಗೇ ಹೊರಟಿದ್ದೇನೆ. ದಾರಿಯಲ್ಲಿ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ.

ಅಕ್ಕ